ತೂಬಿನಿಂದ ಮೋರಿಗೆ: ತಿಂಡಿ ಆಯ್ತಾ?

ಕಾಲುವೆಯ ಹೂಳಿಗೆ ಬೇಸರ ಅನ್ನೋದೇ ಇಲ್ಲ. ಎಷ್ಟು ತೆಗೆದರೂ ಮತ್ತೆ ಬಂದು ಕೂತಿರುತ್ತದೆ, ಅದರಲ್ಲೂ ರಸ್ತೆಯಡಿಯ ಆ ಉದ್ದನೆಯ ಮೋರಿಯಲ್ಲಿ. ಮೋರಿಗೆ ಅರ್ಧ ಮೈಲಿ ಮೇಲಿದೆ ಕೆರೆಯ ತೂಬು. ಅದರ ಚಕ್ರ ತಿರುಗಿಸಿ ದಿನಾ ಹತ್ತು ಗಂಟೆಗೆ ಕಾಲುವೆಗೆ ನೀರು ಬಿಡುವವಳನ್ನು ಎಲ್ಲರೂ ತೂಬಿನಕ್ಕ ಅಂತಲೇ ಕರೆಯುವುದು. ಹೂಳು ತೆಗೆಯುವ ತಂಡದ ಮೇಸ್ತ್ರಿ ಅವಳ ಸ್ವಂತ ತಮ್ಮ. ಹಿಂದೆ ತೂಬಿನಲ್ಲಿ ಅಪ್ಪ ಇದ್ದ, ಮೋರಿಯಲ್ಲಿ ಅಮ್ಮ ಇದ್ದಳು. ಕೆಲಸ ಹಾಗೇ ಮಕ್ಕಳಿಗೆ ಬಂತು.

ತೂಬಿನ ಕೋಣೆಯ ಗೂಡಿನಲ್ಲಿ ಅಪ್ಪನ ಹಳೆಯ ವಾಕಿಟಾಕಿ ಇನ್ನೂ ಇತ್ತು. ಅದಕ್ಕೆ ಮನೆಯವರಿಟ್ಟ ಹೆಸರು ಇಟ್ಟಿಗೆ. ಅದನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿದರೆ ತೋಳು ಬಿದ್ದುಹೋಗುತ್ತಿತ್ತು. ಅಪ್ಪ ಚಕ್ರ ಮುಟ್ಟುವ ಮುಂಚೆ ಪ್ರತಿದಿನ ಅದನ್ನು ಬಾಯಿಗೆ ಹಿಡಿದು ಕೇಳುತ್ತಿದ್ದ:

"ತೂಬಿನಿಂದ ಮೋರಿಗೆ. ತಿಂಡಿ ಆಯ್ತಾ?"

ಅರ್ಧ ಮೈಲಿ ಆಚೆಯಿಂದ ಅಮ್ಮನ ದನಿ ಬರುತ್ತಿತ್ತು: "ಆಯ್ತು. ಎಲ್ಲರೂ ಹೊರಗಿದ್ದೀವಿ. ನಿಮ್ದು?"

"ನಂದೂ ಆಯ್ತು. ನೀರು ಬಿಡ್ತೀನಿ."

ಮಕ್ಕಳಿಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಎರಡು ಗಂಟೆ ಮುಂಚೆ ಒಂದೇ ಒಲೆ ಮುಂದೆ ಕೂತು ತಿಂದವರಿಗೆ ಇದೆಂಥ ವಿಚಾರಣೆ! ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಹತ್ತು ಗಂಟೆ ಆಯಿತೆಂದರೆ ತೂಬಿನಕ್ಕನಿಗೆ ಆ ಎರಡು ದನಿ ನೆನಪಾಗುತ್ತವೆ.

ಹೋದ ತಿಂಗಳು ಇಟ್ಟಿಗೆ ಪೂರ್ತಿ ಕೈಕೊಟ್ಟಿತು. ತಮ್ಮ ಪೇಟೆಗೆ ಹೋಗಿ ಒಂದು ಜೊತೆ ಹೊಸದು ತಂದ. ಅಂಗೈಯಗಲದ್ದು, ಹೊರದೇಶದ್ದು, ಕಡಿಮೆ ಬೆಲೆಯದ್ದು.

"ಇಷ್ಟು ಹಗುರ ಇದೆಯಲ್ಲೋ, ಒಳಗೆ ಏನಾದರೂ ಇದೆಯಾ?" ಅಂದಳು ಅಕ್ಕ.

"ಹತ್ತು ಮೈಲಿ ದೂರ ಕೇಳಿಸುತ್ತೆ ಅಂತ ಡಬ್ಬದ ಮೇಲೇ ಬರೆದಿದೆ ಅಕ್ಕಾ. ಅಂಗಡೀಲಿ ಮಾತಾಡಿಯೂ ನೋಡಿದೆ."

"ಎಷ್ಟು ದೂರ ನಿಂತು?"

"ಅಂಗಡಿಯವನು ಮೇಜಿನ ಆ ಕಡೆ, ನಾನು ಈ ಕಡೆ. ನಿಂಗೆ ಹಳೇದೇ ಆಗಬೇಕು ಬಿಡು," ಎಂದು ತಮ್ಮ ಮೂಗು ಮುರಿದ.

ಈ ಅಕ್ಕತಮ್ಮಂದಿರಿಗೆ ಒಂದು ರೂಢಿಯಿತ್ತು. ವಾಕಿಟಾಕಿ ಬರುವ ಮುಂಚೆ, ಅಜ್ಜನ ಕಾಲದಲ್ಲಿ, ಮೋರಿ ಪಕ್ಕದ ಮರಕ್ಕೆ ಒಂದು ಕಬ್ಬಿಣದ ಕಂಬಿ ನೇತುಹಾಕಿದ್ದರು. ಹತ್ತು ಗಂಟೆಗೆ ಮೋರಿಯೊಳಗೆ ಇನ್ನೂ ಜನ ಇದ್ದರೆ ಕಂಬಿ ಬಡಿಯಬೇಕು. ಸದ್ದಿಲ್ಲ ಅಂದರೆ ಮೋರಿ ಖಾಲಿ, ನೀರು ಬಿಡಬಹುದು. ಅಪ್ಪ ಹೋದ ಮೇಲೆ ಇವರು ವಾಕಿಟಾಕಿಗೂ ಅದೇ ಲೆಕ್ಕ ಹಚ್ಚಿದರು. ಒಳಗಿದ್ದರೆ ತಮ್ಮ ಹೇಳುತ್ತಾನೆ, ಹೇಳಲಿಲ್ಲ ಅಂದರೆ ಖಾಲಿ.

ಹೊಸದು ಬಂದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ಹತ್ತು ಗಂಟೆಗೆ ತೂಬಿನಕ್ಕ ಕಿವಿಗೊಟ್ಟು ಕೂತಳು. ವಾಕಿಟಾಕಿ ತುಟಿಪಿಟಿಕ್ಕೆನ್ನಲಿಲ್ಲ. ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಅವಳು ಎದ್ದು ಚಕ್ರ ತಿರುಗಿಸಿದಳು. ನೀರು ನುಗ್ಗಿತು.

ಸ್ವಲ್ಪ ಹೊತ್ತಿಗೆ ಠಣ್, ಠಣ್, ಠಣ್ ಅಂತ ಸದ್ದು ಬಂತು. ಕಂಬಿ! ಎಷ್ಟೋ ವರ್ಷದಿಂದ ಯಾರೂ ಮುಟ್ಟದ ಕಂಬಿ. ಅವಳು ಓಡಿಹೋಗಿ ಚಕ್ರಕ್ಕೆ ಜೋತುಬಿದ್ದು ಉಲ್ಟಾ ತಿರುಗಿಸಿದಳು. ಅಂಗೈ ಚರ್ಮ ಕಿತ್ತುಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ತೂಬು ಮುಚ್ಚಿದ್ದೇ ತಡ, ಕಾಲುವೆಯ ಏರಿಯ ಮೇಲೆ ಬರಿಗಾಲಲ್ಲಿ ಓಡಿದಳು.

ತಮ್ಮ ಮೋರಿಯ ಬಾಯಲ್ಲಿ ಕೂತಿದ್ದ. ಎದೆಮಟ್ಟ ನೆನೆದಿದ್ದ, ಹಣೆ ಕಲ್ಲಿಗೆ ತಾಗಿ ರಕ್ತ ಇಳಿಯುತ್ತಿತ್ತು. ಹೊರಗಿದ್ದ ಕೆಲಸದವಳೊಬ್ಬಳು ನೀರು ಬರುವುದನ್ನು ಕಂಡು ಹಾರೆಯಿಂದ ಕಂಬಿ ಬಡಿದಿದ್ದಳು. ಅದಕ್ಕೇ ಜೀವ ಉಳಿದದ್ದು.

"ಒಳಗಿದ್ದೀನಿ ಅಂತ ಮೂರು ಸಲ ಹೇಳಿದ್ನಲ್ಲ ಅಕ್ಕಾ," ಅಂದ ತಮ್ಮ.

"ಒಂದು ಸಲವೂ ಕೇಳಿಸಲಿಲ್ಲ ಕಣೋ," ಎಂದು ಅಕ್ಕ ಅವನ ತಲೆ ಹಿಡಿದುಕೊಂಡು ಅತ್ತಳು.

ಮಧ್ಯಾಹ್ನ ಇಬ್ಬರೂ ರೇಡಿಯೋ ಮಾವನ ಅಂಗಡಿಗೆ ಹೋದರು. ಅವನು ಅಪ್ಪನ ಸ್ನೇಹಿತ, ಇಟ್ಟಿಗೆಯನ್ನು ಅಷ್ಟು ವರ್ಷ ರಿಪೇರಿ ಮಾಡಿ ಬದುಕಿಸಿದವನು. ಬೆಸುಗೆಗೆ ಕಾಯಿಸಿದ ಸೀಸದ ವಾಸನೆಯ ಆ ಪುಟ್ಟ ಕೋಣೆಯಲ್ಲಿ ಕೂತು ಅವನು ತಮ್ಮನ ವಾಕಿಟಾಕಿಯ ಗುಂಡಿ ಒತ್ತಿದ. ಹಸಿರು ದೀಪ ಮಂಕಾಗಿ ಆರಿತು. ಬಿಟ್ಟ, ಮತ್ತೆ ಹತ್ತಿತು.

"ನೋಡಿದ್ಯಾ? ಕೇಳಿಸಿಕೊಳ್ಳೋಕೆ ಸ್ವಲ್ಪ ಶಕ್ತಿ ಸಾಕು. ಮಾತಾಡೋಕೆ ಜಾಸ್ತಿ ಬೇಕು. ಈ ಬ್ಯಾಟರಿ ಟೊಳ್ಳು. ದೀಪ ನೋಡಿ ನೀನು ನಂಬಿದೆ."

"ಅಕ್ಕನ ಹತ್ರ ಇರೋದು?"

ಮಾವ ಅದನ್ನೂ ಬಿಚ್ಚಿ ನೋಡಿದ. "ಇದು ಚೆನ್ನಾಗೇ ಇದೆ. ಒಂದೇ ಡಬ್ಬದಲ್ಲಿ ಬಂದ ಅವಳಿ, ಒಂದು ಗಟ್ಟಿ, ಒಂದು ಪೊಳ್ಳು. ಅಗ್ಗದ ಮಾಲಿನ ಕಷ್ಟ ಇದೇ ನೋಡು. ಎಲ್ಲವೂ ಕೆಟ್ಟದ್ದಲ್ಲ, ಆದರೆ ಯಾವುದು ಕೆಟ್ಟದ್ದು ಅಂತ ಡಬ್ಬ ಹೇಳೋದಿಲ್ಲ. ಆ ಹತ್ತು ಮೈಲಿ ಬಟ್ಟ ಬಯಲಿನ ಲೆಕ್ಕ. ಮಣ್ಣಿನಡಿ ಬಗ್ಗಿ ನಿಂತವನಿಗೆ ಅಲ್ಲ. ಇದನ್ನ ಬಳಸೋಕೆ ಸರ್ಕಾರದ ಅನುಮತಿ ಬೇಕಾ, ಮಾನ್ಯತೆಯ ಗುರುತು ಇದೆಯಾ ಅಂತಲಾದರೂ ಕೇಳಿದ್ಯಾ?"

ತಮ್ಮ ಮುಖ ಸಣ್ಣಗೆ ಮಾಡಿಕೊಂಡ. "ಇಲ್ಲ ಮಾವ. ಆದ್ರೂ ಇದು ನನ್ನ ಗ್ರಹಚಾರ ಅಷ್ಟೆ. ಇಟ್ಟಿಗೆ ಇದ್ದಾಗ ಹಿಂಗೆ ಆಗಿತ್ತಾ?"

"ಅದೇ ಮತ್ತೆ. ಇಟ್ಟಿಗೆ ಚಿನ್ನದಂಥದ್ದು," ಅಂದಳು ಅಕ್ಕ.

ಮಾವ ನಕ್ಕ. "ಚಿನ್ನವಂತೆ! ವರ್ಷಕ್ಕೆ ನಾಲ್ಕು ಸಲ ಕೆಟ್ಟು ಈ ಮೇಜಿನ ಮೇಲೇ ಮಲಗಿರ್ತಿತ್ತು. ನಿಮ್ಮಪ್ಪ ಅದನ್ನ ಒಂದು ದಿನವೂ ನಂಬಲಿಲ್ಲ. ದಿನಾ ತಿಂಡಿ ಆಯ್ತಾ ಅಂತ ಕೇಳ್ತಿದ್ದನಲ್ಲ, ಯಾಕೆ ಅಂದ್ಕೊಂಡ್ರಿ?"

ಅಕ್ಕ ತಮ್ಮನ ಮುಖ ನೋಡಿದಳು.

"ಅದು ಪರೀಕ್ಷೆ ಕಣಮ್ಮ. ನಾನೇ ಹೇಳಿಕೊಟ್ಟಿದ್ದು. ಅವನ ಮಾತು ನಿಮ್ಮಮ್ಮನಿಗೆ ಮುಟ್ಟಬೇಕು, ಅವಳ ಮಾತು ಅವನಿಗೆ ಮುಟ್ಟಬೇಕು. ಉತ್ತರ ಬರದೇ ಇದ್ದ ದಿನ ಅವನು ಚಕ್ರ ಮುಟ್ಟುತ್ತಿರಲಿಲ್ಲ, ಮೋರಿ ತನಕ ನಡೆದೇ ಹೋಗಿ ಬರ್ತಿದ್ದ. ಕಂಬಿಯ ಲೆಕ್ಕ ಕಂಬಿಗೆ. ಯಂತ್ರ ಸುಮ್ಮನಿದ್ದರೆ ಖಾಲಿ ಅಂತಲ್ಲ, ಸತ್ತಿದ್ದರೂ ಸುಮ್ಮನೇ ಇರುತ್ತೆ."

ತೂಬಿನಕ್ಕ ಮಾವನ ಕಡೆ ತಿರುಗಿದಳು. "ನಾವು ಪ್ರೀತಿಗೆ ಕೇಳ್ತಿದ್ರು ಅಂದ್ಕೊಂಡಿದ್ವಿ."

"ಅಲ್ಲ ಅಂತ ಯಾರು ಹೇಳಿದ್ರು? ಹೆಂಡತಿ ಮೋರಿಯೊಳಗೆ ಇಳಿಯೋಳು. ಇದಕ್ಕಿಂತ ಪ್ರೀತಿ ಇನ್ನೇನಮ್ಮ?"

ತಮ್ಮ ಪೊಳ್ಳು ಬ್ಯಾಟರಿಯನ್ನು ಮಾವನ ಮುಂದೆ ಸರಿಸಿ, "ಒಳ್ಳೇದು ಹಾಕಿಕೊಡಿ, ಬದಲಿ ಒಂದು ಜೊತೆಗಿರಲಿ. ಅನುಮತಿ ವಿಷಯ ನಾಳೆ ಕಚೇರೀಲಿ ಕೇಳ್ತೀನಿ," ಅಂದ. ಮನೆಗೆ ಹೋಗುವ ದಾರಿಯಲ್ಲಿ ಇಬ್ಬರೂ ತೂಬಿನಿಂದ ಮೋರಿಯ ತನಕ ಹೆಜ್ಜೆಹೆಜ್ಜೆಗೆ ನಿಂತು ಮಾತಾಡಿ ನೋಡಿದರು. ಮೋರಿಯ ಹೊರಗೆ ದನಿ ಚೆನ್ನಾಗಿತ್ತು, ಒಳಗೆ ಹತ್ತು ಹೆಜ್ಜೆಗೇ ನಿಂತುಹೋಯಿತು. ಎಲ್ಲರೂ ಹೊರಗೆ ಬಂದು ತಲೆ ಎಣಿಸಿದ ಮೇಲೆಯೇ ಉತ್ತರ ಕೊಡಬೇಕು ಅಂತ ಮಾತಾಯಿತು. ತಮ್ಮ ಕಂಬಿಗೆ ಹೊಸ ಹಗ್ಗ ಕಟ್ಟಿದ.

ಮರುದಿನ ಹತ್ತು ಗಂಟೆಗೆ ಅಕ್ಕ ಬಟ್ಟೆ ಸುತ್ತಿದ ಕೈಯಲ್ಲಿ ಗುಂಡಿ ಒತ್ತಿದಳು.

"ತೂಬಿನಿಂದ ಮೋರಿಗೆ. ತಿಂಡಿ ಆಯ್ತಾ?"

ಗರಗರ ಸದ್ದು. ಅವಳ ಕೈ ಚಕ್ರದಿಂದ ದೂರವೇ ಇತ್ತು.

"ಆಯ್ತು ಅಕ್ಕಾ. ಎಲ್ಲರೂ ಹೊರಗಿದ್ದೀವಿ. ನಿಂದು?"

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆಲಸದ ಜಾಗಕ್ಕೂ ಇಂಥ ಅಗ್ಗದ ವಾಕಿಟಾಕಿ ಬಂದಿರಬಹುದು. ಬೇಡ ಅನ್ನಬೇಡಿ, ಕಣ್ಣುಮುಚ್ಚಿ ನಂಬಲೂಬೇಡಿ. ಅಂಗಡಿಯಲ್ಲಲ್ಲ, ನೀವು ನಿಲ್ಲುವ ಜಾಗದಲ್ಲೇ ನಿಂತು ದಿನಾ ಪರೀಕ್ಷಿಸಿ. ಕಂಬಿಯೋ ಸೀಟಿಯೋ, ಹಳೆಯದೊಂದು ಕೈಗೆ ಸಿಗುವಂತಿರಲಿ. ಆ ಕಡೆಯಿಂದ ಉತ್ತರ ಬರುವ ತನಕ ಚಕ್ರ ತಿರುಗಿಸಬೇಡಿ. ಅಲ್ಲಿ ಒಳಗಿರುವವರು ನಿಮ್ಮ ಮನೆಯವರೇ. ಅವರನ್ನೊಂದು ಮಾತು ಕೇಳಿ, ತಿಂಡಿ ಆಯ್ತಾ ಅಂತ.