ಹಬೆಯ ಮರೆ

ಚಾದರದ ಮಡಿಕೆ ಬಿಡಿಸಿ, ತೀರಿಕೊಂಡ ಚಿಕ್ಕಮ್ಮನ ದೇಹಕ್ಕೆ ಹೊದಿಸುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಚಾದರದ ತುದಿ ಹಿಡಿದಿದ್ದ ಹುಡುಗಿ ತುಟಿ ಕಚ್ಚಿದಳು. ಎದೆಯಲ್ಲಿ ಕೆಮ್ಮು ಕೆರೆಯುತ್ತಿತ್ತು.

ಬಂದವರು ಸರ್ಕಾರಿ ಆಸ್ಪತ್ರೆಯ ನರ್ಸಮ್ಮ.

"ನಿಮ್ಮನ್ನ ಯಾರು ಕರೆದ್ರು, ಸಿಸ್ಟರ್?" ಕೋಣೆಯವರೆಲ್ಲ ದುಡಿಯುವ ಲಾಂಡ್ರಿಯಲ್ಲಿ ಎಲ್ಲರೂ ಇಸ್ತ್ರಿ ಮಾವ ಅನ್ನುತ್ತಿದ್ದ ಮುದುಕ ಕೇಳಿದ. ಅವರೆಲ್ಲರಂತೆ ಅವನೂ ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವನು.

"ಯಾರೂ ಇಲ್ಲ. ಮೊನ್ನೆ ಇವರು ಆಸ್ಪತ್ರೆ ಗೇಟ್ ತನಕ ಬಂದು ವಾಪಸ್ ಹೊರಟ್ರು. ಕೂಗಿದೆ, ತಿರುಗಿ ನೋಡಲಿಲ್ಲ. ಲಾಂಡ್ರಿಯವರು ಅಂತ ಗೊತ್ತಾಯ್ತು, ಹುಡುಕ್ಕೊಂಡು ಬಂದೆ."

"ವಾಚ್‌ಮನ್ ಕಾರ್ಡ್ ಕೇಳಿದ್ನಂತೆ."

"ಅವನು ಕೇಳ್ತಾನೆ. ಒಳಗೆ ನಾವು ಕೇಳಲ್ಲ."

"ನೀವು ಕೇಳಲ್ಲ. ನಿಮ್ಮ ಹಿಂದೆ ಬರೋರು ಕೇಳ್ತಾರೆ. ಒಬ್ರು ಸಿಕ್ಕಿಬಿದ್ರೆ ಇಡೀ ಕೋಣೆಗೇ ಬೀಗ."

ನರ್ಸಮ್ಮ ಚಾದರದ ಸುಕ್ಕನ್ನು ಅಂಗೈಯಿಂದ ಮೆಲ್ಲಗೆ ಸವರಿದರು. "ಇಲ್ಲಿ ಇನ್ಯಾರಿಗಾದ್ರೂ ಕೆಮ್ಮು ಇದ್ಯಾ?"

"ಯಾರಿಗೂ ಇಲ್ಲ," ಎಂದ ಮಾವ, ಹುಡುಗಿಯನ್ನೇ ನೋಡುತ್ತ.

*

ಹುಡುಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೆಮ್ಮಿದ ಹೆಂಗಸೊಬ್ಬಳನ್ನು ಮೇಸ್ತ್ರಿ ಅಂದೇ ಕೆಲಸದಿಂದ ಬಿಡಿಸಿದ್ದ.

"ಇಲ್ನೋಡೇ," ಎಂದು ಚಿಕ್ಕಮ್ಮ ಇಸ್ತ್ರಿ ಯಂತ್ರದ ಪೆಡಲು ತುಳಿದಳು. ಬುಸ್ಸೆಂದು ಹಬೆ ಎದ್ದಿತು. ಆ ಸದ್ದಿನೊಳಗೆ ಮನಸಾರೆ ಕೆಮ್ಮಿ, ಹಬೆ ಇಳಿಯುವಷ್ಟರಲ್ಲಿ ಮುಖ ಒರೆಸಿಕೊಂಡು ನಕ್ಕಳು. "ಇದೇ ನಮ್ಮ ಡಾಕ್ಟ್ರು. ಹೆಸರು ಕೇಳಲ್ಲ, ಸೂಜಿ ಚುಚ್ಚಲ್ಲ."

ಆ ಸಾಲಿನಲ್ಲಿ ಎಲ್ಲರೂ ಹಾಗೆಯೇ ಕೆಮ್ಮುತ್ತಿದ್ದರು. ಯಾರ ಕೆಮ್ಮು ಎಷ್ಟು ಕೆಟ್ಟಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಚಿಕ್ಕಮ್ಮನ ಪಕ್ಕದ ಯಂತ್ರದ ಬಳಿಯೇ ನಿಲ್ಲುತ್ತಿದ್ದ ಹುಡುಗಿಗೂ.

*

ಸ್ಮಶಾನ ಹೆದ್ದಾರಿಯ ಪಕ್ಕದಲ್ಲಿತ್ತು. ಲಾರಿ ಅಬ್ಬರಿಸಿ ಹೋದಾಗಲೆಲ್ಲ ಹುಡುಗಿ ಸೆರಗು ಬಾಯಿಗೊತ್ತಿ ಕೆಮ್ಮಿದಳು. ನರ್ಸಮ್ಮ ಹತ್ತಿರ ಬಂದು, ಮುಚ್ಚಳ ಸಡಿಲಿಸಿದ ನೀರಿನ ಬಾಟಲಿಯನ್ನು ಅವಳ ಕೈಗಿಟ್ಟರು.

"ಲಾರಿ ಬಂದಾಗ ಮಾತ್ರ ಕೆಮ್ತೀಯಲ್ಲ, ಪುಟ್ಟಿ."

ಹುಡುಗಿ ಬಾಟಲಿಯ ಮುಚ್ಚಳವನ್ನು ಮತ್ತೆ ಬಿಗಿದಳು.

"ನಾಳೆ ಬೆಳಿಗ್ಗೆ ಬಾ. ಗೇಟ್ ಹತ್ರ ನಾನೇ ನಿಂತಿರ್ತೀನಿ. ವಾಚ್‌ಮನ್ ನನ್ನ ದಾಟಿ ನಿನ್ನ ಕೇಳಬೇಕು."

"ಮಗಾ, ಈ ಕಡೆ ಬಾ," ಎಂದು ಮಾವ ಗದರಿದ. "ಮಣ್ಣು ಹಾಕು."

ಅವಳು ಹಿಡಿ ಮಣ್ಣೆತ್ತಿಕೊಂಡಳು. ಕೆಳಗೆ ಬಿಳಿ ಚಾದರ ಕಂಡಿತು, ಅವಳೇ ಇಸ್ತ್ರಿ ಮಾಡಿದ್ದು. ಕೆಮ್ಮು ಎದೆಯಿಂದ ಒತ್ತಿಬಂತು. ರಸ್ತೆಯತ್ತ ನೋಡಿದಳು. ಕಣ್ಣು ಹಾಯುವವರೆಗೂ ಒಂದು ಗಾಡಿಯಿಲ್ಲ.

ಮುಷ್ಟಿ ಸಡಿಲಿಸಿದಳು. ಬಾಯಿಗೆ ಸೆರಗು ಒತ್ತದೆ, ಬಾಗಿ, ಎಲ್ಲರಿಗೂ ಕೇಳುವಂತೆ ಕೆಮ್ಮಿದಳು.

ಗುಂಪಿನ ಹಿಂದೆ ಇನ್ನೊಂದು ಕೆಮ್ಮು ಕೇಳಿಸಿತು. ಆಮೇಲೆ ಮತ್ತೊಂದು. ಕೊನೆಗೆ ಮಾವ ಸಲಿಕೆಯನ್ನು ಮಣ್ಣಿಗೆ ಊರಿ, ಅದರ ಹಿಡಿಯ ಮೇಲೆ ಹಣೆಯಿಟ್ಟು, ಬೆನ್ನು ಅದುರುವಷ್ಟು ಕೆಮ್ಮತೊಡಗಿದ. ರಸ್ತೆ ಖಾಲಿಯಾಗಿಯೇ ಇತ್ತು.