ನಾಲ್ಕು ಬೆರಳಿನ ಕಣ್ಣು

ನಾನು ಒಂದು ಮೀನಿನ ಬಲೆ. ಕಜಾಕರ ನಾಡಿನಲ್ಲಿ, ಅರಲ್ ಸಮುದ್ರದ ದಡದ ಒಂದು ಹಳ್ಳಿಯಲ್ಲಿ, ಉಲ್ಬೋಸಿನ್ ಎಂಬ ಮುದುಕಿಯ ಮಡಿಲಲ್ಲಿ ಹುಟ್ಟಿದೆ. ಬೆರಳಿನ ಅಗಲಕ್ಕೆ ಅಲ್ಲಿ ‘ಎಲಿ’ ಎನ್ನುತ್ತಾರೆ. ಆಕೆ ನನ್ನ ಒಂದೊಂದು ಕಣ್ಣನ್ನೂ ನಾಲ್ಕು ಎಲಿ ಅಗಲಕ್ಕೆ ಹೆಣೆದಳು. ಅದಕ್ಕಿಂತ ಕಿರಿದಾದ ಬಲೆ ಆಕೆಯ ಮನೆಯಿಂದ ಹೊರಗೆ ಹೋದದ್ದೇ ಇಲ್ಲ.

“ಮರಿಗಳು ಹೋಗೋಕೆ ದಾರಿ ಬಿಡ್ಬೇಕು” ಎಂದು ಗಂಟು ಹಾಕುತ್ತಲೇ ಗೊಣಗುತ್ತಿದ್ದಳು. ಅದನ್ನು ಕೇಳಿ ಕೇಳಿ ನನಗೂ ಸ್ವಲ್ಪ ಜಂಬ ಬಂದಿತ್ತು.

ಆಕೆಯ ಮಗ ಸಾರ್ಸೆನ್ ನನ್ನನ್ನು ದೋಣಿಗೆ ಹಾಕಿಕೊಂಡ. ಕೆಲವು ವರ್ಷ ಗೆಂಡೆ ಮೀನುಗಳ ಭಾರಕ್ಕೆ ನನ್ನ ಮೈಯೆಲ್ಲ ನೋಯುತ್ತಿತ್ತು. ಆಮೇಲೆ ನದಿಗಳ ನೀರನ್ನು ಹತ್ತಿಯ ಹೊಲಗಳಿಗೆ ತಿರುಗಿಸಿದರು. ಸಮುದ್ರ ಹಿಂದೆ ಸರಿಯಿತು, ಮೀನು ಕಡಿಮೆಯಾಯಿತು. ಬುಟ್ಟಿ ತುಂಬಿಸದವನ ದೋಣಿಯನ್ನು ಬೇರೆಯವರಿಗೆ ಕೊಡುತ್ತೇವೆಂದು ಮೀನುಗಾರರ ಸಂಘದ ಮುಖ್ಯಸ್ಥ ಹೇಳಿಕಳಿಸಿದ. ದೋಣಿ ಬಿಟ್ಟರೆ ಸಾರ್ಸೆನ್‌ಗೆ ಬೇರೆ ಬದುಕು ಗೊತ್ತಿರಲಿಲ್ಲ.

ಅವನೊಂದು ಉಪಾಯ ಹೂಡಿದ. ನನ್ನನ್ನು ಎರಡು ಪದರ ಮಡಚಿ, ಒಂದರ ಕಣ್ಣಿನ ನಡುವೆ ಇನ್ನೊಂದರ ದಾರ ಬರುವಂತೆ ಜೋಡಿಸಿ ನೀರಿಗೆ ಇಳಿಸಿದ. ದಡ ಹತ್ತಿರವಾದಾಗ ಮತ್ತೆ ಬಿಚ್ಚುತ್ತಿದ್ದ. ಅಳೆದವರಿಗೆ ನಾಲ್ಕು ಎಲಿ, ಮೀನಿಗೆ ಮಾತ್ರ ಎರಡೇ. ಇನ್ನೂ ಒಮ್ಮೆಯೂ ಮೊಟ್ಟೆಯಿಡದ ಮರಿಗಳು ನನ್ನಲ್ಲಿ ಸಿಕ್ಕಿ ಒದ್ದಾಡಿದವು. ನಾನು ಹರಿದುಹೋಗಬಹುದಿತ್ತು. ಹರಿಯಲಿಲ್ಲ. ಗಟ್ಟಿ ಬಲೆ ಎಂದು ಹೊಗಳಿಸಿಕೊಂಡೆ.

ಒಂದು ಮಧ್ಯಾಹ್ನ ಮುದುಕಿ ಬುಟ್ಟಿಯಲ್ಲಿ ಆ ಮರಿಗಳನ್ನು ಕಂಡಳು.

“ಇವು ನನ್ ಬಲೇಲಿ ಹೇಗೋ ಸಿಕ್ವು?”

“ನೀನೇ ಅಳೆದು ನೋಡು, ಅಪಾ” ಎಂದ ಸಾರ್ಸೆನ್. ತಾಯಿಯನ್ನು ಅವನು ಹಾಗೆ ಕರೆಯುತ್ತಿದ್ದ.

ಆಕೆ ನನ್ನನ್ನು ಹರಡಿಕೊಂಡು ಕೂತು ಒಂದೊಂದೇ ಕಣ್ಣಿಗೆ ನಾಲ್ಕು ಬೆರಳು ತೂರಿಸಿ ನೋಡಿದಳು. ಎಲ್ಲವೂ ಸರಿಯಾಗಿದ್ದವು. ಕೊನೆಗೆ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ವಯಸ್ಸಾಗಿ ನನ್ ಬೆರಳೇ ಸಣ್ಣಗಾಗಿವೆ ಕಣೋ. ತಪ್ಪು ಅಳತೇಲಿ ಹೆಣೆದುಬಿಟ್ಟೆ.”

ಸಾರ್ಸೆನ್ ತುಟಿ ಬಿಚ್ಚಲಿಲ್ಲ. ಬಲೆಗೆ ಬಾಯಿಲ್ಲ ಎಂದು ನಾನೂ ಸುಮ್ಮನಿದ್ದೆ. ಅಂದಿನಿಂದ ಆಕೆ ಬಲೆ ಹೆಣೆಯುವುದನ್ನೇ ಬಿಟ್ಟಳು. ಆ ಕೊರಗಿನಲ್ಲೇ ತೀರಿಕೊಂಡಳು.

ದೋಣಿ ಉಳಿಯಿತು, ಸಮುದ್ರ ಉಳಿಯಲಿಲ್ಲ. ಈಗ ಒಂಟೆಗಳು ಬಾಯಿ ಹಾಕದಿರಲೆಂದು ನನ್ನನ್ನು ಹುಲ್ಲಿನ ಬಣವೆಗೆ ಹೊದಿಸಿದ್ದಾರೆ. ಬತ್ತಿದ ಸಮುದ್ರವನ್ನು ನೋಡಲು ದೂರದಿಂದ ಬಂದವರಿಗೆಲ್ಲ ಸಾರ್ಸೆನ್ “ನೀರನ್ನೇ ಒಯ್ದುಬಿಟ್ರು, ನಾವೇನ್ ಮಾಡೋಣ?” ಎನ್ನುತ್ತಾನೆ. ಅದು ಸುಳ್ಳಲ್ಲ. ಮುಂದಿನದನ್ನು ಅವನು ಹೇಳುವುದಿಲ್ಲ, ಅವರು ಕೇಳುವುದಿಲ್ಲ. ಹೊರಡುವಾಗ ನನ್ನನ್ನೊಮ್ಮೆ ಸವರಿ ‘ಪಾಪ’ ಎನ್ನುತ್ತಾರೆ.

ಹೌದು, ಪಾಪವೇ. ಅವರು ಅಂದುಕೊಂಡ ಅರ್ಥದಲ್ಲಲ್ಲ.