ಒಂಟಿ ಬೆಂಡೋಲೆಯ ಕಿವಿಮಾತು

ನಾನು ಒಂದು ಬೆಂಡೋಲೆ. ‘ಒಂದು’ ಎಂದಾಗಲೇ ನನ್ನ ಕಥೆ ಅರ್ಧ ಹೇಳಿದಂತಾಯಿತು. ಬೆಂಡೋಲೆಗಳು ಎಂದೂ ಒಂಟಿಯಾಗಿ ಹುಟ್ಟುವುದಿಲ್ಲ. ಗದುಗಿನ ಮೌನೇಶಪ್ಪ ಪತ್ತಾರರು ಒಂದೇ ಬಂಗಾರ ಕರಗಿಸಿ, ಊದುಗೊಳವೆಯಲ್ಲಿ ಊದಿ ಊದಿ ನಮ್ಮಿಬ್ಬರನ್ನೂ ಒಟ್ಟಿಗೆ ಹೆತ್ತರು. ನಡುವೆ ಕೆಂಪು ಹರಳು, ಸುತ್ತ ಮುತ್ತು. ನಾನು ಎಡಗಿವಿಗೆ, ಅವಳು ಬಲಗಿವಿಗೆ.

ಅಕ್ಕತಂಗಿಯರಾದರೂ ನಮ್ಮ ನಡುವೆ ಸದಾ ಒಂದು ಮುಖ ಅಡ್ಡ. ಮೊದಲು ಬಸಲಿಂಗವ್ವನ ಮುಖ. ಮಗಳ ಮದುವೆಯಲ್ಲಿ ಆಕೆ ತನ್ನ ಕಿವಿಯಿಂದಲೇ ಬಿಚ್ಚಿ ಹಾಕಿದ ಮೇಲೆ ದಾನವ್ವನ ಮುಖ. ದಾನವ್ವ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವ ದಿನ ಮಾತ್ರ ಇಬ್ಬರನ್ನೂ ಬಿಚ್ಚಿ ಒಂದೇ ಡಬ್ಬಿಯಲ್ಲಿಡುತ್ತಿದ್ದಳು. ಆಗ ನಮ್ಮ ಮಾತುಕತೆ. ದಾನವ್ವ ಎಡಮಗ್ಗುಲಿಗೆ ಮಲಗುವವಳು. ನನಗೆ ಕೇಳಿಸುತ್ತಿದ್ದುದು ದಿಂಬಿನ ಹತ್ತಿಯ ಮೌನವೊಂದೇ. ಅವಳ ಗಂಡ ಚನಬಸಪ್ಪ ಕೂರುವುದು, ಮಾತಾಡುವುದು ಎಲ್ಲ ಬಲಕ್ಕೆ.

“ನಿನ್ನೆ ಏನಂದ?” ಎಂದು ನಾನು ಕೇಳುತ್ತಿದ್ದೆ.

“‘ನೀ ನಕ್ಕರ ಮನಿಯಾಗ ದೀಪಾ ಯಾಕ ಬೇಕ’ ಅಂದ!” ಎನ್ನುತ್ತಿದ್ದಳು ಬಲಗಿವಿಯವಳು. ಎಡಕ್ಕೆ ಹುಟ್ಟಿದ ನನ್ನ ಹಣೆಬರಹವನ್ನು ನಾನು ಹಳಿದುಕೊಳ್ಳುತ್ತಿದ್ದೆ.

ಚನಬಸಪ್ಪ ಒಳ್ಳೆಯವನು, ಕಿವಿ ಮಾತ್ರ ಹಿತ್ತಾಳೆ. ಗಂಡ ಹೆಂಡತಿ ಕಾಶಿಗೆ ಹೊರಟಾಗ ಯಾರೋ ಪ್ರವಾಸಕ್ಕೆ ವಿಮೆ ಮಾಡಿಸು ಎಂದರು, ಮಾಡಿಸಿದ. ವಿಮೆಯವರು ಬಂದು ನಮ್ಮನ್ನು ತೂಗಿ, ಫೋಟೊ ಹೊಡೆದುಕೊಂಡು ಹೋದರು. ಡಬ್ಬಿಯ ಹೊರಗೆ, ನಡುವೆ ಯಾರ ಮುಖವೂ ಇಲ್ಲದೆ ನಾವಿಬ್ಬರೂ ಪಕ್ಕಪಕ್ಕ ಕೂತದ್ದು ಆ ಫೋಟೊದಲ್ಲಿ ಮಾತ್ರ. ಇನ್ಯಾರೋ, ರೈಲಿನಲ್ಲಿ ಬಂಗಾರ ಒಂದೇ ಕಡೆ ಇಡಬೇಡ ಎಂದರು. ಅದನ್ನೂ ಕೇಳಿದ.

“ಕಳ್ಳಗ ಒಂದ ಸಿಕ್ಕರ ಇನ್ನೊಂದ ಉಳೀತೈತಿ” ಎಂದು ನನ್ನನ್ನು ಶೇಂಗಾ ಚಟ್ನಿಪುಡಿಯ ಡಬ್ಬಿಯಲ್ಲೂ ಅವಳನ್ನು ರೊಟ್ಟಿಗಂಟಿನಲ್ಲೂ ಅಡಗಿಸಿದ. ಮಾತು ಅಕ್ಷರಶಃ ನಿಜವಾಯಿತು. ಯಾವುದೋ ಸ್ಟೇಶನ್ನಿನಲ್ಲಿ ಅವನು ಚಹಾ ಕುಡಿದು ಬರುವಷ್ಟರಲ್ಲಿ ಸೀಟಿನ ಕೆಳಗಿನ ಚೀಲ ಮಾಯ. ಚೀಲದಲ್ಲಿ ರೊಟ್ಟಿಗಂಟು, ಗಂಟಿನಲ್ಲಿ ಅವಳು. ದಾನವ್ವ ಮಡಿಲಿನ ಡಬ್ಬಿ ತೆರೆದು, ಖಾರದೊಳಗೆ ಬೆರಳಾಡಿಸಿ, ನನ್ನನ್ನು ಹಿಡಿದುಕೊಂಡು ಅತ್ತಳು. ಕಣ್ಣಿಗೆ ಖಾರ ಹೋಗಿದೆ ಎಂದು ಚನಬಸಪ್ಪ ರೈಲಿನ ಸಹಪ್ರಯಾಣಿಕರಿಗೆಲ್ಲ ಹೇಳಿದ.

ಊರಿಗೆ ಮರಳಿ, ಪೊಲೀಸರ ಕಾಗದ ಹಿಡಿದುಕೊಂಡು ವಿಮೆ ಆಫೀಸಿಗೆ ಹೋದರು. ಅಲ್ಲಿ ಹಂಪಿಹೊಳಿ ಸಾಹೇಬರು ಕನ್ನಡಕ ಏರಿಸಿದರು.

“ಬಂಗಾರಾ ಯಾರರ ರೊಟ್ಟ್ಯಾಗ ಇಡ್ತಾರೇನ್ರಿ?”

“ಇಡಬಾರ್ದಂತ ನಿಮ್ಮ ಕಾಗದದಾಗ ಎಲ್ಲಿ ಬರದೈತ್ರಿ?” ಎಂದಳು ದಾನವ್ವ.

ಸಾಹೇಬರು ಪುಟ ತಿರುವಿದರು. ಎಲ್ಲೂ ಇರಲಿಲ್ಲ. “ಆತ್ರಿ. ಎರಡ ದಾರಿ ಅದಾವ. ಕಳದಿದ್ದಕ್ಕಷ್ಟ ಅಂದ್ರ ಅರ್ಧಾ ರೊಕ್ಕ. ಪೂರಾ ಬೇಕಂದ್ರ, ಉಳದದ್ದನ್ನ ನಮಗ ಒಪ್ಪಸಬೇಕು. ನಮ್ಮ ಲೆಕ್ಕದಾಗ ಜೋಡಿ ಅಂದ್ರ ಒಂದ ಸಾಮಾನು.”

“ಪೂರಾನ ತಗೊಳ್ಳೂನು,” ಎಂದ ಚನಬಸಪ್ಪ. “ಹೊಸಾ ಜೋಡಿ ಮಾಡಸ್ತೀನಿ.”

ನಾನು ಮೇಜಿನ ಮೇಲಿದ್ದೆ. ಸಾಹೇಬರ ಕೈ ನನ್ನತ್ತ ಬಂತು. ಅದಕ್ಕಿಂತ ಮೊದಲು ದಾನವ್ವನ ಅಂಗೈ ನನ್ನನ್ನು ಮುಚ್ಚಿತು.

“ಸಾಹೇಬ್ರ, ನಾವಿಬ್ರೂ ಜೋಡಿ ಹೌದಲ್ರಿ? ನಾಳೆ ಇವ್ರನ್ನ ಎಲ್ಲ್ಯರ ಕಳಕೊಂಡೆ ಅಂತ ತಿಳಕೋರಿ. ಪೂರಾ ರೊಕ್ಕಾ ಕೊಟ್ಟು, ಉಳದಾಕಿ ಅಂತ ನನ್ನೂ ಒಯ್ತೀರೇನು?”

ಸಾಹೇಬರು ಫ್ಯಾನು ನೋಡಿದರು. ಚನಬಸಪ್ಪ ಹೆಂಡತಿಯನ್ನು ನೋಡಿದ.

“ಅರ್ಧಾನ ಬರಕೋರಿ, ಸಾಹೇಬ್ರ,” ಎಂದ.

ಆ ಅರ್ಧದಲ್ಲಿ ನನಗೊಬ್ಬ ಹೊಸ ಜೊತೆಗಾತಿಯನ್ನು ಮಾಡಿಸಲು ಹೊರಟ. “ನಮ್ಮವ್ವನ ಕಿವಿ ಕಾಣದಾಕಿ, ಇದಕ್ಕ ಸವತಿ ಆಗ್ತಾಳ. ಬ್ಯಾಡ” ಎಂದಳು ದಾನವ್ವ. ಆದರೆ ಖಾಲಿ ಬಿಟ್ಟರೆ ಕಿವಿಯ ತೂತು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಬಲಗಿವಿಗೊಂದು ಕಸಬರಿಗಿ ಕಡ್ಡಿ ಸಿಕ್ಕಿಸಿಕೊಂಡಳು.

“ಏನ ದಾನವ್ವ, ಒಂದ ಕಿವ್ಯಾಗ ಬಂಗಾರ, ಒಂದ ಕಿವ್ಯಾಗ ಕಸಬರಿಗಿ?” ಎಂದು ಓಣಿಯವರು ನಕ್ಕರು.

“ಬರಾಕಿಗೆ ಬಾಗಲಾ ತಗದಿಟ್ಟೀನಿ, ತಂಗಿ” ಎನ್ನುತ್ತಿದ್ದಳು. ಕಡ್ಡಿ ಸವೆದರೆ ಹೊಸ ಕಡ್ಡಿ. ಹೀಗೆ ವರ್ಷಗಳು ಹೋದವು. ಡಬ್ಬಿಯಲ್ಲಿ ನಾನು ಒಬ್ಬಳೇ ಮಲಗುತ್ತಿದ್ದೆ. ಏನಂದ ಎಂದು ಕೇಳಲು ಯಾರೂ ಇರಲಿಲ್ಲ.

ಈಗ ನನಗೆ ವಯಸ್ಸಾಗಿದೆ, ಎರಡು ಮುತ್ತು ಉದುರಿವೆ. ಇಷ್ಟು ಕಾಲ ನನ್ನ ಭಾರ ಹೊತ್ತು ದಾನವ್ವನ ಎಡಗಿವಿಯ ಹಾಲೆ ಹರಿದೇಹೋಯಿತು. ಡಾಕ್ಟರು ಹೊಲಿಗೆ ಹಾಕಿದರು. ಇನ್ನು ಡಬ್ಬಿಯೇ ಗತಿ ಎಂದುಕೊಂಡಿದ್ದೆ. ಆದರೆ ಒಂದು ಮುಂಜಾನೆ ದಾನವ್ವ ಬಲಗಿವಿಯ ಕಡ್ಡಿ ತೆಗೆದು ಅಲ್ಲಿ ನನ್ನನ್ನು ಹಾಕಿಕೊಂಡಳು. ಭಾರವಿಲ್ಲದೆ ಕಾದಿದ್ದ ಆ ತೂತು ಹೊಸದರಂತೆಯೇ ಇತ್ತು.

ಕೊನೆಗೂ ಅವಳ ಜಾಗ! ಚನಬಸಪ್ಪ ಬಂದು ಪಕ್ಕ ಕೂತ. ಮುತ್ತು ಅಲುಗದಂತೆ ನಾನು ಕಿವಿಗೊಟ್ಟೆ.

“ಪಲ್ಯಾಕ ಉಪ್ಪು ಕಡಿಮಿ ಆಗೈತಿ,” ಎಂದ. ಮರುದಿನ, “ಚಹಾ ಆರೇತಿ,” ಎಂದ. ದೀಪದ ಸುದ್ದಿ ಈವರೆಗೆ ಒಮ್ಮೆಯೂ ಬಂದಿಲ್ಲ. ಕಳ್ಳಿ! ದಿಂಬಿನಡಿ ಸಿಕ್ಕಿಬಿದ್ದ ನಾನು ಬೇಸರಪಡಬಾರದೆಂದು ಎಲ್ಲವನ್ನೂ ಕಟ್ಟಿ ಹೇಳಿದ್ದಳು. ಅವಳ ಒಂದೇ ಒಂದು ಸುಳ್ಳು ಕೇಳಲು ನನ್ನ ಉಳಿದ ಮುತ್ತನ್ನೆಲ್ಲ ಕೊಟ್ಟೇನು.

ಹೊಲಿಗೆ ಮಾಯ್ದ ಮೇಲೆ ದಾನವ್ವ ಪತ್ತಾರರ ಮಗನ ಅಂಗಡಿಗೆ ಹೋಗಿ ಎಡಗಿವಿ ಮತ್ತೆ ಚುಚ್ಚಿಸಿಕೊಂಡಳು.

“ಇದಕ್ಕೇನ ಹಾಕ್ಕೋತೀರಿ, ಯವ್ವಾ?” ಎಂದು ಅವನು ಕೇಳಿದ.

ದಾನವ್ವ ಸೆರಗಿನ ಗಂಟು ಬಿಚ್ಚಿ ಕಸಬರಿಗಿ ಕಡ್ಡಿ ತೆಗೆದಳು.

ಈ ಸಲ ಖಾಲಿ ಇರುವುದು ನನ್ನ ಜಾಗ. ಅವಳು ಬಂದರೆ ಅಲ್ಲೇ ಕೂರಲಿ. ಚನಬಸಪ್ಪ ಏನಂದ ಎಂದು ಡಬ್ಬಿಯಲ್ಲಿ ಅವಳು ಕೇಳಲಿ. ಸುಳ್ಳು ಹೇಳುವ ಸರದಿ ನನ್ನದು.